ಮಾರಿದ ಹೊಲದ ಮೊಮ್ಮಗಳು

ಹೊಲ ಮಾರಿದವರು ಹೊಲ ಬಿಟ್ಟರೂ ಅದರ ಯಜಮಾನಿಕೆ ಬಿಡುವುದಿಲ್ಲ. ಅಲ್ಲಿ ಮಳೆಯಾಯಿತೇ, ಬದು ಕಿತ್ತುಹೋಯಿತೇ, ಈ ಸಲ ಏನು ಬಿತ್ತಿದ್ದಾರೆ ಎಂದು ವಿಚಾರಿಸುತ್ತಲೇ ಇರುತ್ತಾರೆ. ಈ ಕಾಯಿಲೆಗೆ ದೇಶಭಾಷೆಗಳ ಹಂಗಿಲ್ಲ. ಅಮೆರಿಕದ ಫಾರ್ಗೋದಲ್ಲಿ ನನ್ನ ಮಗನ ಪಕ್ಕದ ಮನೆಯಾಕೆಗೆ ಎಂಬತ್ತರ ಹತ್ತಿರ. 1980ರ ದಶಕದಲ್ಲಿ ಬಡ್ಡಿ ಏರಿ, ಜಮೀನಿನ ಬೆಲೆ ಇಳಿದು, ರೈತರ ಮನೆ ಮುಂದೆ ಹರಾಜಿನ ಕೂಗು ಎದ್ದ ಕಾಲದಲ್ಲಿ ಅವರ ಹೊಲವೂ ಹೋಯಿತು. ಈಗಲೂ ಆಲಿಕಲ್ಲು ಬಿದ್ದರೆ ನಿದ್ದೆ ಕೆಡುವುದು ಅವರಿಗೇ.

ಹೊಲದ ಮಾತು ಎತ್ತಿದರೆ ಅದು ಅವರ ಅಜ್ಜಿಯ ಕಡೆಗೆ ಹರಿಯುತ್ತದೆ. ಅಜ್ಜಿ ನಾರ್ವೆಯ ಪಶ್ಚಿಮ ಕರಾವಳಿಯವರು. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಒಳನುಗ್ಗಿದ ಸಮುದ್ರ. ನಡುವೆ ಹಸು ಹುಷಾರಾಗಿ ಕಾಲಿಟ್ಟು ಮೇಯಬೇಕಾದಷ್ಟು ನೆಲ. ಆ ದೇಶದಲ್ಲಿ ಉಳುವ ಭೂಮಿ ನೂರಕ್ಕೆ ಮೂರು ನಾಲ್ಕು ಪಾಲು. ಅದೂ ಹಿರಿಮಗನಿಗೆ ಸೇರಿದರೆ ಉಳಿದವರಿಗೆ ಹಡಗೇ ಗತಿ. 1825ರಲ್ಲಿ ಸ್ಟಾವಂಗರ್ ಬಂದರಿನಿಂದ ಒಂದು ಪುಟ್ಟ ಹಾಯಿಹಡಗಿನಲ್ಲಿ 52 ಮಂದಿ ಹೊರಟು, ನಡುಗಡಲಲ್ಲಿ ಹೆರಿಗೆಯಾಗಿ, ನ್ಯೂಯಾರ್ಕಿನಲ್ಲಿ 53 ಮಂದಿ ಇಳಿದರಂತೆ. ಮುಂದಿನ ನೂರು ವರ್ಷಗಳಲ್ಲಿ ಅವರ ಹಿಂದೆ ಹೊರಟವರು 8 ಲಕ್ಷಕ್ಕೂ ಹೆಚ್ಚು. ಅಜ್ಜಿ ಆ ಸಾಲಿನ ಬಾಲದವರು.

ಬಂದು ಸೇರಿದ್ದು ಮಿನೆಸೋಟದ ರೆಡ್ ರಿವರ್ ಬಯಲಿಗೆ. ಹಿಮಯುಗದ ದೊಡ್ಡ ಸರೋವರವೊಂದು ಬತ್ತಿ ಉಳಿದ ತಳ ಅದು. ಮಣ್ಣು ಕಪ್ಪು, ನೆಲ ಸಪಾಟು. ನಾಯಿ ಓಡಿಹೋದರೆ ಮೂರು ದಿನ ಕಾಣುತ್ತಲೇ ಇರುತ್ತದೆ ಎಂದು ಅಲ್ಲಿಯವರ ತಮಾಷೆ. ಬೆಟ್ಟದ ಹುಡುಗಿಗೆ ಇಂಥ ಬಯಲಿನಲ್ಲಿ ಸೊಸೆತನ! ಒರಗಿಕೊಳ್ಳಲು ಏನೂ ಇಲ್ಲದ ಊರು ಎಂದು ಅಜ್ಜಿ ಕೊನೆಯವರೆಗೂ ಗೊಣಗಿದರಂತೆ. ಅಜ್ಜಿಯ ಮಾವನವರಿಗೆ 160 ಎಕರೆ ಬಂದದ್ದು 1862ರ ಹೋಮ್‌ಸ್ಟೆಡ್ ಕಾಯಿದೆಯಿಂದ: ಮನೆ ಕಟ್ಟಿ, ಐದು ವರ್ಷ ಅಲ್ಲೇ ಇದ್ದು ಉಳುಮೆ ಮಾಡಿದರೆ ಭೂಮಿ ನಿಮ್ಮದು. ಸರ್ಕಾರ ಕೊಟ್ಟದ್ದು ಧಾರಾಳವಾಗಿಯೇ, ಆದರೆ ಅದು ಒಜಿಬ್ವೆ ಜನರ ನೆಲ. 1863ರ ಒಪ್ಪಂದದಲ್ಲಿ ಅವರ ಕೈತಪ್ಪಿದ್ದು. “ನಮ್ಮದು ಹೋಯಿತು ಅಂತ ಅಳುವಾಗ ಇದೂ ನೆನಪಾಗಿ ಅಳು ಅರ್ಧಕ್ಕೇ ನಿಲ್ಲುತ್ತೆ” ಎಂದರು ಪಕ್ಕದ ಮನೆಯಾಕೆ. ನಮ್ಮೂರಲ್ಲಿ ಜಮೀನಿನ ಬಗ್ಗೆ ಅಳುವವರು ಇಷ್ಟು ಹಿಂದಿನ ಪಹಣಿ ತೆಗೆಯುವುದಿಲ್ಲ.

ಅಜ್ಜಿ ಕಾಫಿಯನ್ನು ಸಾಸರಿಗೆ ಸುರಿದು, ಸಕ್ಕರೆ ಅಚ್ಚನ್ನು ಹಲ್ಲಿನ ನಡುವೆ ಹಿಡಿದು ಸೊರ್ ಎನ್ನಿಸುತ್ತಿದ್ದರಂತೆ. ಇದನ್ನು ಕೇಳಿದೊಡನೆ ನನಗೆ ನಾರ್ವೆ ಹಾಸನದಷ್ಟು ಹತ್ತಿರವಾಯಿತು. ಕ್ರಿಸ್‌ಮಸ್ ಬಂತೆಂದರೆ ಲೆಫ್ಸ: ಆಲೂಗಡ್ಡೆ ಬೇಯಿಸಿ, ಹಿಟ್ಟು ಕಲಸಿ, ಗೀರುಗೀರಿನ ಲಟ್ಟಣಿಗೆಯಲ್ಲಿ ತೆಳ್ಳಗೆ ಲಟ್ಟಿಸಿ, ಅಗಲ ಹೆಂಚಿನ ಮೇಲೆ ಉದ್ದನೆಯ ಕಡ್ಡಿಯಿಂದ ಮಗುಚುವುದು. ಪಕ್ಕದ ಮನೆಯಾಕೆ ನನಗೂ ಬೆಣ್ಣೆ ಸವರಿ ಸಕ್ಕರೆ ಉದುರಿಸಿ ಸುರುಳಿ ಸುತ್ತಿ ಕೊಟ್ಟರು. ಹೂರಣ ಹಾಕಲು ಮರೆತ ಒಬ್ಬಟ್ಟಿನಂತಿತ್ತು, ಆದರೂ ನಾಲ್ಕು ತಿಂದೆ. ಒಣಮೀನನ್ನು ಕ್ಷಾರದ ನೀರಿನಲ್ಲಿ ನೆನೆಸಿ ಲೋಳೆ ಮಾಡುವ ಲೂಟೆಫಿಸ್ಕ್ ಕೂಡ ಉಂಟು. ಅದು ತಗುಲಿದರೆ ಬೆಳ್ಳಿ ಪಾತ್ರೆ ಹಾಳಾಗುತ್ತದಂತೆ. ಸಸ್ಯಾಹಾರಿಯಾಗಿ ಹುಟ್ಟಿದ್ದಕ್ಕೆ ಆವತ್ತು ಸಿಕ್ಕ ನೆಮ್ಮದಿ ಎಂದೂ ಸಿಕ್ಕಿರಲಿಲ್ಲ.

ಪಕ್ಕದ ಮನೆಯಾಕೆಯ ತವರಿನ ಹೆಸರು ನಾರ್ವೆಯ ಒಂದು ಹೊಲಮನೆಯದೇ. ಆ ಕಾಲದಲ್ಲಿ ಅಲ್ಲಿನ ಹಳ್ಳಿಗಳಲ್ಲಿ ವಾಸವಿದ್ದ ಜಮೀನಿನ ಹೆಸರು ಮನುಷ್ಯರಿಗೂ ಅಂಟುತ್ತಿತ್ತು. ಜಮೀನು ಬದಲಾದರೆ ಹೆಸರೂ ಬದಲು. ಹಡಗು ಹತ್ತಿದವರು ಎಷ್ಟೋ ಮಂದಿ ಬಿಟ್ಟುಬಂದ ಹೊಲವನ್ನೇ ಹೆಸರಿನಲ್ಲಿ ಉಳಿಸಿಕೊಂಡರು. ನನ್ನ ಹೆಸರಿನ ಮುಂದಿನ ಒಂದಕ್ಷರವೂ ನಾನೊಂದು ರಾತ್ರಿಯೂ ತಂಗದ ಊರಿನದು. ಹಾಗಾಗಿ ನಗುವ ಹಕ್ಕು ನನಗಿಲ್ಲ.

ಸೆಪ್ಟೆಂಬರಿನಲ್ಲಿ ಆಕೆ ನಮ್ಮನ್ನು ಹೊಲ ತೋರಿಸಲು ಕರೆದೊಯ್ದರು. ಮನೆಯಿಲ್ಲ, ಕೊಟ್ಟಿಗೆಯಿಲ್ಲ, ಗಾಳಿ ತಡೆಯಲು ನೆಟ್ಟ ಮರಗಳ ಸಾಲು ನೋಡಿ ಜಾಗ ಗುರುತಿಸಬೇಕು. ಉಳಿದದ್ದೆಲ್ಲ ಸಕ್ಕರೆ ಬೀಟ್. ಕಾರು ಕಂಡು ಈಗಿನ ಮಾಲೀಕ ಪಿಕಪ್‌ನಲ್ಲಿ ಬಂದ. ಪರಿಚಯ ಹೇಳಿಕೊಳ್ಳುವ ಮೊದಲೇ ಈಕೆ, “ಆ ಮೂಲೆಯಲ್ಲಿ ನೀರು ನಿಲ್ಲುತ್ತೆ, ಕಾಲುವೆ ಆಳ ಸಾಲದು” ಅಂದರು.

“ಪ್ರತಿ ವರ್ಷವೂ ನಿಲ್ಲುತ್ತೆ. ನಿಮಗೆ ಯಾರು ಹೇಳಿದರು?”

“ನಮ್ಮಜ್ಜಿ.”

“ರೀ, ಇವರು ಊಟದ ಹೊತ್ತಿಗೆ ಹೊರಡೋ ಹಾಗೆ ಕಾಣೋಲ್ಲ” ಎಂದು ನನ್ನ ಹೆಂಡತಿ ಪಿಸುಗುಟ್ಟಿದಳು. ಅಷ್ಟರಲ್ಲಿ ಇಬ್ಬರೂ ಆ ಮೂಲೆಯತ್ತ ನಡೆದಾಗಿತ್ತು: ಈಕೆ ಕೋಲೂರಿಕೊಂಡು ಮುಂದೆ, ಮಾಲೀಕ ಕೈಕಟ್ಟಿಕೊಂಡು ಹಿಂದೆ.