ನಿಲ್ಲದೆಯೂ ಮೂರನೇ ಸ್ಥಾನ

2016ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಮೂರನೇ ಸ್ಥಾನ ಬಂದದ್ದು ಮಾಜಿ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ಅವರಿಗೆ. ಪಾಪ, ಅವರು ಕಣದಲ್ಲೇ ಇರಲಿಲ್ಲ. ಪ್ರಚಾರ ಮಾಡಲಿಲ್ಲ, ಯಾರ ಕೈಯನ್ನೂ ಕುಲುಕಲಿಲ್ಲ. ಆದರೂ ಮೂರು ಮತ ಬಿದ್ದವು. ದೇಶವೆಲ್ಲ ಸುತ್ತಿ ಸುಮಾರು 45 ಲಕ್ಷ ಜನರ ಓಟು ಗಿಟ್ಟಿಸಿದ ಗ್ಯಾರಿ ಜಾನ್ಸನ್ ಅವರಿಗೆ ಬಿದ್ದದ್ದು ಸೊನ್ನೆ. ಟ್ರಂಪ್ ಅವರಿಗಿಂತ 28 ಲಕ್ಷಕ್ಕೂ ಹೆಚ್ಚು ಓಟು ಪಡೆದ ಹಿಲರಿ ಕ್ಲಿಂಟನ್ ಮನೆಗೆ ಹೋದರು.

ಇದರಲ್ಲಿ ಎಣಿಕೆಯ ತಪ್ಪೇನೂ ಇಲ್ಲ. ನವೆಂಬರಿನಲ್ಲಿ ಕೋಟ್ಯಂತರ ಜನ ಸಾಲಿನಲ್ಲಿ ನಿಂತು ಒತ್ತುವ ಓಟು ಅಧ್ಯಕ್ಷರಿಗೆ ನೇರವಾಗಿ ಹೋಗುವುದೇ ಇಲ್ಲ. ಅದು ಆರಿಸುವುದು 538 ಎಲೆಕ್ಟರ್‌ಗಳನ್ನು. ಅವರು ಡಿಸೆಂಬರಿನಲ್ಲಿ ತಮ್ಮ ತಮ್ಮ ರಾಜ್ಯಗಳಲ್ಲಿ ಸೇರಿ ನಿಜವಾದ ಮತ ಹಾಕುತ್ತಾರೆ. 270 ಸಿಕ್ಕವರಿಗೆ ಪಟ್ಟ. ಅಧ್ಯಕ್ಷರನ್ನು ಆರಿಸುವ ಈ ಮಹನೀಯರ ಹೆಸರು ಹೇಳಿ ಎಂದರೆ ಅಲ್ಲಿನ ಮತದಾರರಲ್ಲಿ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ಎಲೆಕ್ಟರ್‌ಗಳಲ್ಲಿ ಕೆಲವರು ಪಕ್ಷದ ಅಭ್ಯರ್ಥಿಯನ್ನು ಬಿಟ್ಟು ಬೇರೆ ಹೆಸರು ಬರೆಯುವುದೂ ಉಂಟು; ಪೊವೆಲ್ ಅವರಿಗೆ ಮೂರು ಮತ ಬಿದ್ದದ್ದು ಹಾಗೆಯೇ. 2004ರಲ್ಲಿ ಮಿನೆಸೋಟದ ಎಲೆಕ್ಟರ್ ಒಬ್ಬರು ಅಧ್ಯಕ್ಷ ಅಭ್ಯರ್ಥಿ ಜಾನ್ ಕೆರಿ ಅವರನ್ನು ಬಿಟ್ಟು ಉಪಾಧ್ಯಕ್ಷ ಅಭ್ಯರ್ಥಿ ಜಾನ್ ಎಡ್ವರ್ಡ್ಸ್ ಅವರನ್ನೇ ಅಧ್ಯಕ್ಷರೆಂದು ಬರೆದರು. ಆ ಹೆಸರನ್ನೂ ತಪ್ಪಾಗಿ ಬರೆದರು. ಬರೆದದ್ದು ನಾನೇ ಎಂದು ಯಾರೂ ಒಪ್ಪಿಕೊಳ್ಳಲಿಲ್ಲ. ಆ ಮತವನ್ನು ಗಂಭೀರವಾಗಿ ಎಣಿಸಿ ದಾಖಲಿಸಲಾಯಿತು.

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಕೂತು ಈ ಏರ್ಪಾಡು ಮಾಡಿದವರಿಗೆ ಜನರ ಮೇಲೆ ಅಷ್ಟೇನೂ ಭರವಸೆ ಇರಲಿಲ್ಲ. ಲೆಕ್ಕಾಚಾರ ಮಾತ್ರ ಪಕ್ಕಾ ಇತ್ತು. ಗುಲಾಮರಿಗೆ ಓಟಿಲ್ಲ, ಆದರೆ ರಾಜ್ಯಕ್ಕೆ ಎಷ್ಟು ಎಲೆಕ್ಟರ್ ಎಂದು ನಿರ್ಧರಿಸುವಾಗ ಐವರು ಗುಲಾಮರು ಮೂರು ತಲೆಗೆ ಸಮ. ನಾವು ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುತ್ತೇವಲ್ಲ, ಅವರದು ಲೆಕ್ಕಕ್ಕುಂಟು ಆಟಕ್ಕಿಲ್ಲ. ಫಲ ಚೆನ್ನಾಗಿಯೇ ಬಂತು. ಮೊದಲ 36 ವರ್ಷಗಳಲ್ಲಿ 32 ವರ್ಷ ಅಧ್ಯಕ್ಷಗಿರಿ ನಡೆಸಿದವರು ವರ್ಜೀನಿಯಾದ ಗುಲಾಮರ ಒಡೆಯರು.

ಇಂದು ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುವಂಥವರೂ ಇದ್ದಾರೆ. ಎರಡು ರಾಜ್ಯ ಬಿಟ್ಟರೆ ಉಳಿದೆಡೆ ಒಂದು ಓಟು ಹೆಚ್ಚು ಬಂದವರಿಗೂ ಇಡೀ ರಾಜ್ಯದ ಎಲೆಕ್ಟರ್‌ಗಳು. ಹಾಗಾಗಿ ಸ್ಯಾನ್ ಹೋಸೆಯಲ್ಲಿ ವರ್ಷಗಟ್ಟಲೆ ಗ್ರೀನ್ ಕಾರ್ಡಿಗೆ ಕಾದು, ಪ್ರಮಾಣವಚನ ತೆಗೆದುಕೊಂಡು ಪೌರರಾದ ನಮ್ಮ ಕನ್ನಡಿಗರು ಯಾರಿಗೆ ಓಟು ಹಾಕಿದರೂ ಕ್ಯಾಲಿಫೋರ್ನಿಯಾದ 54 ಎಲೆಕ್ಟರ್‌ಗಳು ಡೆಮಾಕ್ರಟಿಕ್ ಪಕ್ಷಕ್ಕೇ. 2024ರಲ್ಲಿ ಅಭ್ಯರ್ಥಿಗಳು ಬೆವರು ಸುರಿಸಿದ್ದು ಪೆನ್ಸಿಲ್ವೇನಿಯಾ, ಮಿಷಿಗನ್, ಜಾರ್ಜಿಯಾದಂಥ ಏಳು ರಾಜ್ಯಗಳಲ್ಲಿ. ಉಳಿದ ರಾಜ್ಯಗಳಿಗೆ ಅಭ್ಯರ್ಥಿಗಳು ಹೋದದ್ದು ಮುಖ್ಯವಾಗಿ ಚಂದಾ ಎತ್ತುವುದಕ್ಕೆ. ಅಳಿಯ ಅಮೆರಿಕದಲ್ಲಿದ್ದಾನೆ ಎಂದು ಇಲ್ಲಿ ಬೀಗುವ ಮಾವಂದಿರು ಇನ್ನು ಮುಂದೆ ಯಾವ ರಾಜ್ಯ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಇನ್ನು ಸಣ್ಣ ರಾಜ್ಯಗಳ ಭಾಗ್ಯ. ವಯೋಮಿಂಗ್‌ನಲ್ಲಿ ಸುಮಾರು 1.9 ಲಕ್ಷ ಜನರಿಗೆ ಒಬ್ಬ ಎಲೆಕ್ಟರ್, ಕ್ಯಾಲಿಫೋರ್ನಿಯಾದಲ್ಲಿ 7 ಲಕ್ಷಕ್ಕೂ ಹೆಚ್ಚು ಜನರಿಗೆ ಒಬ್ಬ. ಯಾರಿಗೂ 270 ಬಾರದಿದ್ದರೆ ಪ್ರತಿನಿಧಿ ಸಭೆ ರಾಜ್ಯಕ್ಕೊಂದು ಮತದಂತೆ ಅಧ್ಯಕ್ಷರನ್ನು ಆರಿಸುತ್ತದೆ. ಆಗ ಕ್ಯಾಲಿಫೋರ್ನಿಯಾದ ಸುಮಾರು 3.9 ಕೋಟಿ ಜನರೂ ವಯೋಮಿಂಗ್‌ನ 5.8 ಲಕ್ಷ ಜನರೂ ತಕ್ಕಡಿಯಲ್ಲಿ ಸಮ.

ಈ ಏರ್ಪಾಡನ್ನು ಬದಲಾಯಿಸಬಾರದೇ ಎಂದರೆ, ಪ್ರಯತ್ನ ನಡೆದಿದೆ. 1969ರಲ್ಲಿ ನೇರ ಚುನಾವಣೆಯ ತಿದ್ದುಪಡಿಗೆ ಪ್ರತಿನಿಧಿ ಸಭೆ 338–70 ಮತಗಳಿಂದ ಒಪ್ಪಿಗೆ ಕೊಟ್ಟಿತು. ಮರುವರ್ಷ ಸೆನೆಟ್‌ನಲ್ಲಿ ಕೆಲವರು ಮಾತು ಮುಗಿಸದೇ ಅದನ್ನು ಮುಗಿಸಿದರು. ಸೆನೆಟ್‌ನಲ್ಲಿ ಕ್ಯಾಲಿಫೋರ್ನಿಯಾಕ್ಕೆ ಇಬ್ಬರು ಸದಸ್ಯರು; ವಯೋಮಿಂಗ್‌ಗೂ ಇಬ್ಬರು.