ದೆವ್ವಗಳನ್ನು ಆಟ ಆಡಿಸುವುದು

ಅಕ್ಟೋಬರ್ 31ರ ಸಂಜೆ, ಹ್ಯಾಲೋವೀನ್ ಹಬ್ಬಕ್ಕೆ, ಅಮೆರಿಕದಲ್ಲಿ ದೆವ್ವದ ವೇಷದ ಮಕ್ಕಳ ಹಿಂಡನ್ನು ಮನೆಗೆ ಕರೆದವರಿಗೆ ದೆವ್ವದ ಭಯ ಇರುವುದಿಲ್ಲ. ಕ್ಯಾಂಡಿ ತಿಂದು ಬಂದ ಮಕ್ಕಳ ಭಯ ಇರುತ್ತದೆ. ಅವಕ್ಕೆ ಏನಾದರೂ ಆಟ ಹಚ್ಚದಿದ್ದರೆ ಸೋಫಾದ ಗತಿ ದೇವರೇ ಬಲ್ಲ.

ಹಳೇ ಆಟವೆಂದರೆ ಟಬ್ಬಿನ ನೀರಲ್ಲಿ ತೇಲುವ ಸೇಬನ್ನು ಕೈ ಮುಟ್ಟಿಸದೆ ಬಾಯಲ್ಲೇ ಕಚ್ಚಿ ಎತ್ತುವುದು. ಒಬ್ಬನ ಮೂಗು ಸೋರುತ್ತಿದ್ದರೂ ಮರುವಾರ ಇಡೀ ಕ್ಲಾಸಿಗೆ ನೆಗಡಿ. ಊರಿಂದ ಬಂದ, ಎಂಜಲು ಮುಸುರೆ ನೋಡುವ ಅಜ್ಜಿ ಮನೆಯಲ್ಲಿದ್ದರಂತೂ ನೀರು ತುಂಬುವ ಮೊದಲೇ ಈ ಆಟ ಮುಗಿಯಿತು. ಸಾಲದ್ದಕ್ಕೆ ಪತ್ತೇದಾರಿ ಲೇಖಕಿ ಅಗಾಥಾ ಕ್ರಿಸ್ಟಿ 1969ರ ‘ಹ್ಯಾಲೋವೀನ್ ಪಾರ್ಟಿ’ ಕಾದಂಬರಿಯಲ್ಲಿ ಇಂಥದೇ ಸೇಬಿನ ನೀರಿನಲ್ಲಿ ಹುಡುಗಿಯೊಬ್ಬಳನ್ನು ಮುಳುಗಿಸಿ ಕೊಲ್ಲಿಸಿದ್ದಾಳೆ! ಅದರ ಬದಲು ದಾರಕ್ಕೆ ಡೋನಟ್ ಕಟ್ಟಿ ಇಳಿಬಿಟ್ಟು ಬಾಯಲ್ಲೇ ಕಚ್ಚಿಸುವುದು ವಾಸಿ. ಸಕ್ಕರೆಪುಡಿ ಮೆತ್ತಿದ್ದಾದರೆ ಮುಖಕ್ಕೆ ದೆವ್ವದ ಮೇಕಪ್ಪು ಪುಕ್ಕಟೆ.

ನನ್ನ ಓಟು ಮಾತ್ರ ಕತ್ತಲೆ ಡಬ್ಬಕ್ಕೆ. ರಟ್ಟಿನ ಡಬ್ಬಕ್ಕೆ ಕೈ ಹಿಡಿಸುವಷ್ಟು ತೂತು ಕೊರೆದು, ಒಳಗೆ ಬಟ್ಟಲಲ್ಲಿ ಸಿಪ್ಪೆ ಸುಲಿದ ದ್ರಾಕ್ಷಿ. ಕಾಣದೆ ಕೈ ಹಾಕಿ ಮುಟ್ಟಿದವರಿಗೆ ಅವು ಕಣ್ಣುಗುಡ್ಡೆ. ಬೆಂದು ತಣ್ಣಗಾದ, ಎಣ್ಣೆ ಸವರಿದ ಸ್ಪಗೆಟಿ ಕರುಳು. ದ್ರಾಕ್ಷಿಯನ್ನು ಕುದಿನೀರಿಗೆ ಒಂದು ಗಳಿಗೆ ಹಾಕಿ ತಣ್ಣೀರಿಗೆ ಬಿಟ್ಟರೆ ಸಿಪ್ಪೆ ತಾನೇ ಜಾರುತ್ತದೆ. ಮಕ್ಕಳು ಕಿರುಚಿ ಖುಷಿಪಡುತ್ತವೆ. ನಿಜಕ್ಕೂ ಬೆಚ್ಚಿಬೀಳುವವರು ಜೊತೆಗೆ ಬಂದ ಅಪ್ಪಂದಿರು.

ಮಕ್ಕಳ ಮೈಗೆ ಟಾಯ್ಲೆಟ್ ಪೇಪರ್ ಸುತ್ತಿ ಮಮ್ಮಿ ಮಾಡುವ ಆಟ ಅಗ್ಗದ್ದು, ಗುಡಿಸುವವರು ಬೇರೆಯವರಾದರೆ.

ಗೆದ್ದವರಿಗೆ ಕ್ಯಾಂಡಿ ಬೇಡವೆಂದು ಟೂತ್‌ಬ್ರಷ್ ಹಂಚುವ ಪುಣ್ಯಾತ್ಮರೂ ಇದ್ದಾರೆ. ಮರುವರ್ಷ ಅವರ ಮನೆ ಕಡೆ ಒಂದು ದೆವ್ವವೂ ಸುಳಿಯುವುದಿಲ್ಲ.