ಕ್ಯಾಂಪ್‌ಫೈರ್ ಸಾಹೇಬರಿಗೆ ಕಡಲಿಲ್ಲದ ಊರಿನ ಅರ್ಜಿ

ಇವರಿಗೆ: ಮಾನ್ಯ ಕ್ಯಾಂಪ್‌ಫೈರ್ ಸಾಹೇಬರು, ಮೊಕ್ಕಾಂ ಕುಡ್ಲೆ ಮತ್ತು ಓಂ ಬೀಚ್, ಗೋಕರ್ಣ.

ಇವರಿಂದ: ಅರಳಿಕಟ್ಟೆಯ ಅರ್ಜಿದಾರರು, ಪಟ್ಟನಾಯಕನಹಳ್ಳಿ, ಶಿರಾ ತಾಲ್ಲೂಕು.

ವಿಷಯ: ಸಾರ್ವಜನಿಕ ಕಡಲತೀರದಲ್ಲಿ ಸಾಹೇಬರ ಅಕ್ರಮ ವಾಸ್ತವ್ಯವನ್ನು ಸಕ್ರಮ ಮಾಡಿಕೊಳ್ಳುವ ಬಗ್ಗೆ.

ಅರ್ಜಿದಾರರ ತಾಲ್ಲೂಕಿನಲ್ಲಿ ಕಡಲಿಲ್ಲ. ಕೆರೆಗೆ ಹೇಮಾವತಿ ನೀರು ಬಂದರೆ ಬಾಗಿನ ಬಿಡುವ ಸೀಮೆ ಇದು. ಆದರೂ ಅರ್ಜಿ ಹಾಕಲು ಕಾರಣವಿದೆ. ಸಾಹೇಬರ ಭಕ್ತರು ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು ಹುಬ್ಬಳ್ಳಿ, ಅಂಕೋಲದ ದಾರಿ ಹಿಡಿದರೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಶಿರಾ ದಾಟಿಯೇ ಹೋಗಬೇಕು. ಅವರ ಪ್ಯಾಕೇಜಿನಲ್ಲಿ ಊಟ, ಟೆಂಟು, ಸಂಗೀತದ ಜೊತೆಗೆ ಸಾಹೇಬರ ಹೆಸರೂ ಇರುತ್ತದೆ.

ಬೆಂಕಿಯ ವಿಷಯದಲ್ಲಿ ಅರ್ಜಿದಾರರು ಅನನುಭವಿಗಳೇನಲ್ಲ. ಪಕ್ಕದ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಬಿಸಿಲನ್ನೇ ಬೆಳೆ ತೆಗೆದು 2,050 ಮೆಗಾವಾಟ್ ವಿದ್ಯುತ್ತಿನ ಸೋಲಾರ್ ಪಾರ್ಕ್ ಮಾಡಿದ್ದಾರೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳ ಹುಲ್ಲುಗಾವಲಿದೆ. ಮಾರ್ಚ್‌ನಲ್ಲಿ ಅಲ್ಲಿ ಒಂದು ಬೀಡಿ ತುಂಡು ಬಿದ್ದರೂ ಸಾಕು. ಕಾಮನ ಹುಣ್ಣಿಮೆಗೆ ಊರ ನಡುವೆ ಬೆಂಕಿ ಹಾಕುವುದುಂಟು. ವರ್ಷಕ್ಕೊಮ್ಮೆ, ಎಲ್ಲರಿಗೂ ಗೊತ್ತಿರುವ ಜಾಗದಲ್ಲಿ, ದೊಡ್ಡವರ ಕಣ್ಣೆದುರಿಗೆ.

ಸಾಹೇಬರು ಹಾಗಲ್ಲ. ಎಲ್ಲಿ ಬೇಕಾದರೂ ಉರಿಯುತ್ತಾರೆ, ಯಾರು ಎದ್ದುಹೋದರೂ ಕೇಳುವುದಿಲ್ಲ. ಸೌದೆ ಸಿಗದಿದ್ದರೆ ಮೊಳೆ ಹೊಡೆದ ಹಲಗೆ ಪೆಟ್ಟಿಗೆಯಾದರೂ ಆದೀತು. ಹಲಗೆ ಬೂದಿಯಾಗುತ್ತದೆ, ಮೊಳೆ ಮರಳಲ್ಲಿ ಉಳಿಯುತ್ತದೆ. ಉಪ್ಪು ನೀರು ಕುಡಿದು ದಡಕ್ಕೆ ಬಿದ್ದ ಮರವನ್ನು ಸುಟ್ಟರೆ ಜ್ವಾಲೆಗೆ ಬಣ್ಣ ಬರುತ್ತದೆ ಎಂದು ಭಕ್ತರು ಹಿಗ್ಗುತ್ತಾರೆ. ಆ ಉಪ್ಪಿನ ಕ್ಲೋರಿನ್ ಹೊಗೆಯಲ್ಲಿ ಡಯಾಕ್ಸಿನ್‌ನಂಥ ವಿಷವಾಗಬಲ್ಲದು ಎಂಬುದು ಪ್ಯಾಕೇಜಿನಲ್ಲಿ ಅಚ್ಚಾಗಿರುವುದಿಲ್ಲ. ಹೊರಡುವಾಗ ನಾಲ್ಕು ಬೊಗಸೆ ಮರಳು ಎಳೆದು 'ಆರಿಸಿದೆವು' ಎನ್ನುತ್ತಾರೆ. ಮರಳು ಬೆಂಕಿಯನ್ನು ಮುಚ್ಚುತ್ತದೆ, ಬಿಸಿಯನ್ನೂ ಕಾಪಾಡುತ್ತದೆ. ಕೆಂಡ ಗಂಟೆಗಟ್ಟಲೆ ಸುಡುತ್ತಲೇ ಇರುತ್ತದೆ, ಮೇಲೆ ಮಾತ್ರ ಏನೂ ಕಾಣದು. ಬೆಳಗ್ಗೆ ಬರಿಗಾಲಲ್ಲಿ ಓಡಿಬರುವ ಮಗುವಿಗೆ ಅದು ಗೊತ್ತಾಗುವುದು ಕಾಲಿಟ್ಟ ಮೇಲೆ. ಇಷ್ಟಕ್ಕೂ ಬೆಂಕಿ ಆರಿಸಲು ಬೇಕಾದ ನೀರು ಎಷ್ಟು ದೂರ? ಅರಬ್ಬೀ ಸಮುದ್ರ ಅಲ್ಲೇ ಬಿದ್ದಿದೆ. ಬಿಂದಿಗೆ ನೀರಿಗೆ ಸಾಲು ನಿಂತು ಬೆಳೆದ ಸೀಮೆಯವರಿಗೆ ಇದು ಹೊಟ್ಟೆ ಉರಿಸುವ ಸಂಗತಿ.

ಅಲ್ಲಿನ ಇನ್ನೊಬ್ಬ ಫಲಾನುಭವಿಯ ತಕರಾರೂ ಇದೆ: ಆಲಿವ್ ರಿಡ್ಲೆ ಕಡಲಾಮೆ. ಉತ್ತರ ಕನ್ನಡದ ಮರಳಿಗೆ ಅದು ಮೊಟ್ಟೆಯಿಡಲು ಬರುವುದು ಹೆಚ್ಚಾಗಿ ಚಳಿಗಾಲದಲ್ಲಿ, ರಾತ್ರಿ ಹೊತ್ತು. ಸಾಹೇಬರ ಸೀಜನ್ ಕೂಡ ಅದೇ. ಸುಮಾರು ಏಳೆಂಟು ವಾರಗಳ ನಂತರ ಮರಿಗಳು ಹೊರಬಂದು ಬೆಳಕಿದ್ದ ಕಡೆ ತೆವಳುತ್ತವೆ, ಏಕೆಂದರೆ ಕತ್ತಲ ರಾತ್ರಿಯಲ್ಲಿ ಹೊಳೆಯುವುದು ಕಡಲೇ ಎಂಬುದು ಅವುಗಳ ಹುಟ್ಟುಜ್ಞಾನ. ಸಾಹೇಬರು ಹಿಂದೆ ನಿಂತು ಧಗಧಗಿಸಿದರೆ ಮರಿಗಳು ದಿಕ್ಕು ತಪ್ಪುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಆಮೆಯ ಹೆಸರಿದೆ. ಸಾಹೇಬರ ಹೆಸರನ್ನು ಅರ್ಜಿದಾರರು ಹುಡುಕಿ ನೋಡಿದರು, ಸಿಗಲಿಲ್ಲ.

ಹಾಗೆಂದು ಗಡೀಪಾರು ಮಾಡಿ ಎಂದು ಯಾರೂ ಕೇಳುತ್ತಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಓಷನ್ ಬೀಚಿನಲ್ಲಿ ಸಾಹೇಬರ ಬಂಧುಗಳಿಗೆ ಗೊತ್ತುಮಾಡಿದ ಅಗ್ನಿವೃತ್ತಗಳಿವೆ. ಅದರಾಚೆ ಉರಿಯುವಂತಿಲ್ಲ, ರಾತ್ರಿ 9.30ಕ್ಕೆ ಆರಬೇಕು, ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ಅನುಮತಿ, ಮೊಳೆ ಹೊಡೆದ ಹಲಗೆಗೆ ನಿಷೇಧ. ಇಲ್ಲೂ ಅಂಥ ನಾಲ್ಕು ವೃತ್ತ, ಪಕ್ಕದಲ್ಲೊಂದು ನೀರಿನ ಡ್ರಮ್ಮು, ಬೂದಿ ಹೊರಲೊಂದು ಕಬ್ಬಿಣದ ಬಾಣಲಿ, ದಾಂಡೇಲಿ ಡಿಪೋದ ರಸೀದಿ ಇರುವ ಸೌದೆ ಸಾಕು. ಪಂಚಾಯಿತಿಗೆ ಶುಲ್ಕವೂ ಬಂದೀತು.

ತೊಡಕಿರುವುದು ತಿಂಗಳ ಲೆಕ್ಕದಲ್ಲಿ. ಆಮೆ ಮೊಟ್ಟೆಯಿಡುವ, ಮರಿ ಹೊರಡುವ ತಿಂಗಳುಗಳನ್ನು ಕಳೆದು, ಬೇಸಿಗೆ ರಜೆಯ ಮಕ್ಕಳ ಬರಿಗಾಲನ್ನೂ ಕಳೆದು ನೋಡಿದರೆ ಸಾಹೇಬರಿಗೆ ನಿರಾತಂಕವಾಗಿ ಉಳಿಯುವುದು ಮುಖ್ಯವಾಗಿ ಜೂನ್, ಜುಲೈ, ಆಗಸ್ಟ್. ಯಾಂತ್ರಿಕ ಮೀನುಗಾರಿಕೆಗೂ ಮೊದಲೆರಡು ತಿಂಗಳು ರಜೆ, ದಡ ಖಾಲಿ.

ಆದ್ದರಿಂದ ಪರವಾನಗಿಯನ್ನು ಆ ಮೂರು ತಿಂಗಳಿಗೆ, ಮುಂಗಾರಿನ ಸಮಕ್ಷಮದಲ್ಲಿ, ಮಂಜೂರು ಮಾಡಿಸಿಕೊಳ್ಳಬೇಕಾಗಿ ಅರ್ಜಿದಾರರ ಪ್ರಾರ್ಥನೆ. ಕೊಡೆ ಭಕ್ತರೇ ತರತಕ್ಕದ್ದು.